ಬ್ರಿಜ್ ಪಿಕಪ್‌ಗೆ ದಮ್ಮೇ ಇಲ್ಲ, 5-ವೇ ಸ್ವಿಚ್ ಡಯಾಗ್ರಾಮ್ ಯಾರರ ತಿಳಿಸಿ ಹೇಳ್ರಿ

ಹುಬ್ಬಳ್ಳಿ_ಸ್ಟ್ರಾಟ್:
ನಮಸ್ಕಾರ ಎಲ್ಲಾರಿಗೂ. ತಲಿ ಕೆಟ್ಟು ಹೋಗೈತಿ ಅದಕ್ಕ ಇಲ್ಲಿ ಹಾಕಾಕತ್ತೇನಿ. ನನ್ನ ಸ್ಟ್ರಾಟ್ ಎಲೆಕ್ಟ್ರಿಕ್ ಗಿಟಾರ್‌ನ್ಯಾಗ ತಂತಿ ಸೌಂಡ್ ಹಿಡಿಯೋ ಪಿಕಪ್ ಮೂರು ಅದಾವು, ಬ್ರಿಜ್, ಮಿಡ್ಲ್, ನೆಕ್. ಯಾವ ಪಿಕಪ್ ಬೇಕು ಅಂತ ಆರಿಸೋ 5-ವೇ ಸ್ವಿಚ್ ಬ್ರಿಜ್ ಕಡೆ ಹಾಕಿದ್ರ ಸೌಂಡ್ ಬರತೈತಿ ಆದ್ರ ತೆಳ್ಳಗ, ದಮ್ ಇಲ್ಲ, ಮ್ಯಾಲ ಗುಂಯ್ ಅಂತ ಹಮ್ ಬ್ಯಾರೆ. ನೆಕ್, ಮಿಡ್ಲ್ ಎರಡೂ ಛಲೋ ಅದಾವು. ಡಯಾಗ್ರಾಮ್ ನೋಡೇ ವೈರಿಂಗ್ ಮಾಡೇನಿ, ಒಂದೊಂದು ವೈರ್ ತಿರುಗಿ ಚೆಕ್ ಮಾಡೇನಿ, ಎಲ್ಲಾ ಕರೆಕ್ಟ್ ಐತಿ. ನನ್ನ ಸ್ವಿಚ್‌ನ್ಯಾಗ 8 ಪಿನ್ ಒಂದ ಸಾಲಿನ್ಯಾಗ ಅದಾವು, ಡಯಾಗ್ರಾಮ್‌ದಾಗ ಎರಡು ಕಡೆ ನಾಕು ನಾಕು ತೋರ್ಸ್ಯಾರ. ಗಣಪತಿ ಹಬ್ಬಕ್ಕ ನಮ್ಮ ಓಣ್ಯಾಗ ಬಾರಿಸೋದೈತಿ, ಅರ್ಜಂಟ್ ಐತ್ರಿ.

ಗದಗ_ಸೋಲ್ಡರ್:
ಸಿಕ್ತು ನೋಡ್ರಿ, ಸ್ವಿಚ್‌ದೇ ಪ್ರಾಬ್ಲಮ್. ಒಂದ ಸಾಲಿನ್ಯಾಗ 8 ಪಿನ್ ಇದ್ರ ಅದು ಬಾಕ್ಸ್ ಟೈಪ್. ಎರಡು ಕಡೆ ನಾಕು ನಾಕು ಇದ್ರ ಓಪನ್ ಫ್ರೇಮ್. ಒಳಗ ಎರಡೂ ಒಂದ, ಎರಡು ಪೋಲ್, ಅಂದ್ರ ಎರಡು ಬ್ಯಾರೆ ಬ್ಯಾರೆ ಸ್ವಿಚ್ ಇದ್ದಂಗ, ಒಂದೊಂದು ಪೋಲ್‌ಗೆ ಮೂರು ಪಿನ್ ಮತ್ತ ಆ ಮೂರಕ್ಕೂ ಒಂದು ಕಾಮನ್ ಪಿನ್. ಆದ್ರ ಬಾಕ್ಸ್ ಟೈಪ್‌ನ್ಯಾಗ ಕಾಮನ್ ಎಲ್ಲೈತಿ ಅನ್ನೋದು ಮಾಡಿದವರ ಮ್ಯಾಲ ಹೋಗತೈತಿ, ಡಯಾಗ್ರಾಮ್ ನೋಡಿ ಎಣಿಸಿ ಹಚ್ಚಿದ್ರ ತಪ್ಪತೈತಿ. ಕಿತ್ತು ಒಗದು ಓಪನ್ ಫ್ರೇಮ್ ಹಾಕ್ರಿ, ಜಗಳಾನ ಇಲ್ಲ.

ಸಾಧನಕೇರಿ_ಬೇಸ್:
ಕಿತ್ತು ಒಗಿಯೋದು ಆಮ್ಯಾಲ. ಕಾಮನ್ ತಪ್ಪಿದ್ರ ನೆಕ್, ಮಿಡ್ಲ್ ಹೆಂಗ ಛಲೋ ಬರ್ತಾವ್ರಿ? ಯಾವ ಪಿಕಪ್, ಯಾವ ಡಯಾಗ್ರಾಮ್, ಮೊದಲಿಂದ ಹಿಂಗ ಇತ್ತೋ ಇಲ್ಲಾ ಈಗ ಏನರ ಬದಲಿ ಮಾಡೀರೋ, ಇದು ಹೇಳ್ರಿ ಮೊದಲ. ಮಲ್ಟಿಮೀಟರ್ ಅದ ಏನು?

ಹಾವೇರಿ_ಟ್ಯೂಬ್:
ವಾಲ್ಯೂಮ್, ಟೋನ್ ತಿರುಗಿಸೋ ಪಾಟ್ 250 ಕೆ (ಕಿಲೋ ಓಮ್) ಅದಾವೋ 500 ಕೆ ಅದಾವೋ? ಅದ ಇರಬೇಕು. ನಾನು ನನ್ನ ಗಿಟಾರ್‌ಗೆ ಎಲ್ಲಾ 500 ಕೆ ಹಾಕೇನಿ, 15 ವ್ಯಾಟ್‌ದು ಫೆಂಡರ್ ಬ್ಲೂಸ್ ಜೂನಿಯರ್ ಟ್ಯೂಬ್ ಆಂಪ್ ಐತಿ ನನ್ನ ಕಡೆ. ವಾಲ್ಯೂಮ್ ಅರ್ಧ ಏರಿಸಿದ್ರ ಸಾಕು, ಬ್ರಿಜ್ ಪಿಕಪ್ ಹಾಡತೈತಿ ನೋಡ್ರಿ. ಹಾವೇರ್ಯಾಗ ಟ್ಯೂಬ್ ಸಿಗೂದಿಲ್ಲ, ಬೆಂಗಳೂರಿಂದ ತರಿಸಿ ಇಟ್ಕೊಂಡೇನಿ ಒಂದು ಸೆಟ್ ಎಕ್ಸ್‌ಟ್ರಾ.

ಸಾಧನಕೇರಿ_ಬೇಸ್:
ಅಣ್ಣಾರ, 250 ಕೆ ಇದ್ರ ಟ್ರೆಬಲ್ ಕಡಿಮಿ ಆಗ್ತದ, ಸೌಂಡ್ ಮಂದ ಆಗ್ತದ. ಅವ್ರು ಹೇಳ್ಲಿಕ್ಕತ್ತಿದ್ದು ತೆಳ್ಳಗ ಅಂತ. ಉಲ್ಟಾ ಆತಲ್ಲ ಅದು.

ಹುಬ್ಬಳ್ಳಿ_ಸ್ಟ್ರಾಟ್:
ಪಿಕಪ್ ಛಲೋ ಕಂಪನಿದು ಅಣ್ಣಾರ, ಅದರದೇನೂ ಇಲ್ಲ. ನಾನು ಕೇಳಿದ್ದು ಸ್ವಿಚ್ ಡಯಾಗ್ರಾಮ್. ಡಯಾಗ್ರಾಮ್‌ದಾಗ ಎರಡನೇ ಕಡೆ ಇರೋ ನಾಕು ಪಿನ್ ಯಾಕ ಬೇಕು ಅದೂ ತಿಳೀವಲ್ದು, ಪಿಕಪ್ ಮೂರ ಅದಾವು.

ಗದಗ_ಸೋಲ್ಡರ್:
ಒಂದು ಪೋಲ್ ಪಿಕಪ್‌ಗೆ, ಎರಡನೇದು ಟೋನ್‌ಗೆ. ಮೂರು ಪಿಕಪ್ ಒಂದು ಪೋಲ್‌ನ ಮೂರು ಪಿನ್‌ಗೆ ಬರ್ತಾವು, ಅದರ ಕಾಮನ್ ವಾಲ್ಯೂಮ್ ಪಾಟ್‌ಗೆ. ಆ ಕಾಮನ್‌ದಿಂದ ಎರಡನೇ ಪೋಲ್‌ನ ಕಾಮನ್‌ಗೆ ಒಂದು ಸಣ್ಣ ಜಂಪರ್, ಆ ಕಡೆ ಪಿನ್‌ದಿಂದ ನೆಕ್ ಟೋನ್, ಮಿಡ್ಲ್ ಟೋನ್. ಹಳೇ ವೈರಿಂಗ್‌ನ್ಯಾಗ ಬ್ರಿಜ್‌ಗೆ ಟೋನೇ ಇಲ್ಲ. ಇನ್ನೊಂದು, ಡಯಾಗ್ರಾಮ್ ಬರದಿದ್ದು ಪಿಕ್‌ಗಾರ್ಡ್ (ಗಿಟಾರ್ ಮುಂದಿನ ಪ್ಲಾಸ್ಟಿಕ್ ಹಲಗಿ) ಮಕಾಡೆ ಮಲಗಿಸಿ ಹಿಂದಿನಿಂದ ನೋಡಿದಂಗ, ಮುಂದಿನಿಂದ ನೋಡಿದ್ರ ಎಡ ಬಲ ಉಲ್ಟಾ ಆಗತೈತಿ. 1954ರ ಸ್ಟ್ರಾಟ್‌ನ್ಯಾಗ 3-ವೇ ಸ್ವಿಚ್ ಇತ್ತು, ಬಾರಿಸೋರು ನಡುವ ಸಿಗಿಸಿ ಎರಡು ಪಿಕಪ್ ಕೂಡ್ಸಿ ಬಾರಿಸ್ತಿದ್ರು, 1977ಕ್ಕ ಫೆಂಡರ್‌ದವರ 5-ವೇ ಕೊಟ್ರು. ನಿಮ್ಮ ಸ್ವಿಚ್‌ನ ಕಾಂಟ್ಯಾಕ್ಟ್‌ಗೆ ಜಂಗ ಹತ್ತಿರಬೇಕು, ಎಣ್ಣಿ ಸ್ಪ್ರೇ ಹೊಡೀರಿ.

ಹಾವೇರಿ_ಟ್ಯೂಬ್:
ಬಾಗಲಾ ಕಿರ್ ಅಂದ್ರ ಹೊಡಿಯೋ ಸ್ಪ್ರೇ ಸ್ವಿಚ್‌ಗೆ ಹೊಡೀಬ್ಯಾಡ್ರಿ. ಎಣ್ಣಿ ಉಳದು ಧೂಳ ಹಿಡಿತೈತಿ. ಎಲೆಕ್ಟ್ರಾನಿಕ್ ಅಂಗಡ್ಯಾಗ ಕಾಂಟ್ಯಾಕ್ಟ್ ಕ್ಲೀನರ್ ಅಂತ ಕೇಳ್ರಿ.

ಗದಗ_ಸೋಲ್ಡರ್:
ನಾನು ಎಷ್ಟೋ ರೇಡಿಯೋ, ಹಾರ್ಮೋನಿಯಂ ಮೈಕು, ಆಂಪ್ಲಿಫೈಯರ್ ರಿಪೇರಿ ಮಾಡೇನಿ, ಎಲ್ಲಾಕ್ಕೂ ಅದನ್ನ ಹೊಡದೇನಿ. ಏನೂ ಆಗಿಲ್ಲ.

ಸಾಧನಕೇರಿ_ಬೇಸ್:
ಸ್ಪ್ರೇ ಜಗಳ ಬ್ಯಾರೆ ಕಡೆ ಮಾಡೋಣ. ಸ್ಟ್ರಾಟ್ ಅವ್ರ, ಏನೂ ಬಿಚ್ಚಬ್ಯಾಡ್ರಿ. ಗಿಟಾರ್‌ಗೆ ಕೇಬಲ್ ಹಾಕ್ರಿ, ಇನ್ನೊಂದು ತುದಿ ಆಂಪ್‌ಗೆ ಹಾಕದ ಹಂಗ ಬಿಡ್ರಿ. ಮೀಟರ್ 20 ಕೆ ರೇಂಜ್‌ಗೆ ಇಟ್ಟು ಒಂದು ಕಡ್ಡಿ ಆ ಬಿಟ್ಟ ಕೇಬಲ್ ಜ್ಯಾಕ್‌ನ ತುದೀಗೆ, ಇನ್ನೊಂದು ಅದರ ಉದ್ದ ಭಾಗಕ್ಕ. ವಾಲ್ಯೂಮ್ ಪೂರ್ತಿ ಏರಿಸಬೇಕು, ಇಲ್ಲಾಂದ್ರ ಪಾಟ್‌ನ ರೆಸಿಸ್ಟೆನ್ಸ್ ಕೂಡಿ ಸುಳ್ಳು ರೀಡಿಂಗ್ ಬರ್ತದ. ಐದೂ ಪೊಸಿಷನ್‌ದು ಬರೀರಿ, ಬ್ರಿಜ್ ಒಂದನೇದು ಅಂತ ಹಿಡೀರಿ.

ಹುಬ್ಬಳ್ಳಿ_ಸ್ಟ್ರಾಟ್:
ಕೊಪ್ಪೀಕರ್ ರೋಡ್ ಕಡೆ ಹೋಗಿ ಮೀಟರ್ ತಂದೆ. ಒಂದನೇದು 4.1 ಕೆ, ಎರಡನೇದು 2.4, ಮೂರು 6.0, ನಾಕು 3.0, ಐದು 6.1. ಇದರಿಂದ ಏನ್ ತಿಳೀತೈತಿ?

ಸಾಧನಕೇರಿ_ಬೇಸ್:
ಭಾಳ ತಿಳೀತದ. ನಿಮ್ಮ ಸ್ವಿಚ್ ನೂರಕ್ಕ ನೂರು ಸರಿ ಅದ. ನಾಕನೇ ಪೊಸಿಷನ್ ಅಂದ್ರ ನೆಕ್ ಮತ್ತ ಮಿಡ್ಲ್ ಪ್ಯಾರಲಲ್ (ಪಕ್ಕಪಕ್ಕ ಜೋಡಿಸಿದ್ದು, ಹಂಗ ಜೋಡಿಸಿದ್ರ ರೆಸಿಸ್ಟೆನ್ಸ್ ಕಡಿಮಿ ಆಗ್ತದ), 6.0 ಮತ್ತ 6.1 ಪ್ಯಾರಲಲ್ ಮಾಡಿದ್ರ 3.0 ಬರಬೇಕು, ಬಂದದ. ಎರಡನೇದು ಬ್ರಿಜ್ ಮತ್ತ ಮಿಡ್ಲ್, 4.1 ಮತ್ತ 6.0 ಪ್ಯಾರಲಲ್ ಮಾಡಿದ್ರ 2.4, ಅದೂ ಬಂದದ. ಹಂಗಂದ್ರ ಯಾವ ಪಿಕಪ್ ಎಲ್ಲಿ ಬರಬೇಕೋ ಅಲ್ಲೇ ಬರ್ಲಿಕ್ಕತ್ತದ. ಪ್ರಶ್ನೆ ಉಳಿದಿದ್ದು ಒಂದ, ಬ್ರಿಜ್ 4.1 ಯಾಕ? ಅದು ಒಂದ ತಂತಿ ಸುರುಳಿದು ಸಿಂಗಲ್ ಕಾಯಿಲ್ಲೋ, ಎರಡು ಸುರುಳಿದು ಹಂಬಕರ್ರೋ?

ಹುಬ್ಬಳ್ಳಿ_ಸ್ಟ್ರಾಟ್:
ಹಂಬಕರ್. ಸೆಮೂರ್ ಡಂಕನ್ ಕಂಪನಿದು, ದೋಸ್ತನ ಕಡಿಂದ ತಗೊಂಡು ಈಗ ಹಾಕಿದ್ದು. ಡಬ್ಬಿ ಇರಲಿಲ್ಲ ಅದಕ್ಕ ನೆಟ್‌ನ್ಯಾಗ ಡಿಮಾರ್ಜಿಯೋ ಅನ್ನೋ ಇನ್ನೊಂದು ಕಂಪನಿದು ನಾಕು ವೈರ್ ಡಯಾಗ್ರಾಮ್ ಸಿಕ್ತು, ಅದರಂಗ ಕೆಂಪು ಹಾಟ್ (ಸೌಂಡ್ ಹೋಗೋ ವೈರ್), ಹಸಿರು ಗ್ರೌಂಡ್ (ವಾಪಸ್ ವೈರ್), ಕರಿ ಬಿಳಿ ಎರಡೂ ಕೂಡ್ಸಿ ಟೇಪ್ ಹಚ್ಚೇನಿ. ಬಣ್ಣ ಎಲ್ಲಾ ಇದರಾಗೂ ಅವ ಅದಾವಲ್ಲ.

ಸಾಧನಕೇರಿ_ಬೇಸ್:
ಇದನ್ನ ಮೊದಲನೇ ಪೋಸ್ಟ್‌ನ್ಯಾಗ ಬರೀಬೇಕಿತ್ರಿ! ಬಣ್ಣ ಅವ, ಅರ್ಥ ಬ್ಯಾರೆ. ಡಿಮಾರ್ಜಿಯೋದಾಗ ಕೆಂಪು-ಕರಿ ಒಂದು ಕಾಯಿಲ್, ಹಸಿರು-ಬಿಳಿ ಇನ್ನೊಂದು. ಡಂಕನ್‌ನ್ಯಾಗ ಕರಿ-ಬಿಳಿ ಒಂದು ಕಾಯಿಲ್, ಕೆಂಪು-ಹಸಿರು ಇನ್ನೊಂದು. ನೀವು ಕರಿ ಬಿಳಿ ಕೂಡಿಸಿದ್ದಕ್ಕ ಒಂದು ಕಾಯಿಲ್‌ನ ಎರಡೂ ತುದಿ ಒಂದ ಆಗಿ ಅದು ಸುಮ್ನ ಕೂತದ, ಬರೇ ಇನ್ನೊಂದು ಕಾಯಿಲ್ ಬಾರಿಸ್ಲಿಕ್ಕತ್ತದ. ಅದಕ್ಕ 8ರ ಸುಮಾರು ಇರಬೇಕಾದ್ದು 4 ಬಂದದ, ಅದಕ್ಕ ತೆಳ್ಳಗ, ಅದಕ್ಕ ಹಮ್. ಹಂಬಕರ್ ಹಮ್ ಕೊಲ್ಲೋದು ಎರಡು ಕಾಯಿಲ್ ಕೂಡಿದ್ರ ಮಾತ್ರ.
ಡಂಕನ್‌ಗೆ ಕರಿ ಹಾಟ್, ಹಸಿರು ಮತ್ತ ಮ್ಯಾಲ ಪ್ಲಾಸ್ಟಿಕ್ ಇಲ್ಲದ ಬರೇ ತಂತಿ ಎರಡೂ ಗ್ರೌಂಡ್, ಕೆಂಪು ಬಿಳಿ ಕೂಡ್ಸಿ ಟೇಪ್.

ಗದಗ_ಸೋಲ್ಡರ್:
ಫೇಸ್ ಉಲ್ಟಾ ಇದ್ರೂ, ಅಂದ್ರ ಎರಡು ಕಾಯಿಲ್ ಒಂದಕ್ಕೊಂದು ಎದುರಾಗಿ ಕೆಲಸ ಮಾಡಿದ್ರೂ, ತೆಳ್ಳಗ ಬರತೈತಿ. ಮತ್ತ ಆ ಬಾಕ್ಸ್ ಸ್ವಿಚ್ ಇವತ್ತಲ್ಲ ನಾಳೆ ಕೈ ಕೊಡತೈತಿ, ಈಗ ಬದಲಿ ಮಾಡೋದ ಛಲೋ.

ಸಾಧನಕೇರಿ_ಬೇಸ್:
ಎರಡು ಕಾಯಿಲ್ ಫೇಸ್ ಉಲ್ಟಾ ಇದ್ರೂ ಮೀಟರ್ 8ನ ತೋರಸ್ತದ, 4 ಅಲ್ಲ.

ಹಾವೇರಿ_ಟ್ಯೂಬ್:
ಸೋಲ್ಡರ್ ಬಿಚ್ಚೋ ಮೊದಲ ಇನ್ನೊಂದು ಟೆಸ್ಟ್ ಮಾಡ್ರಿ. ಆಂಪ್ ಸಣ್ಣಗ ಇಟ್ಟು, ಸ್ಕ್ರೂಡ್ರೈವರ್‌ಲೆ ಹಂಬಕರ್‌ನ ಎರಡೂ ಸಾಲು ಮೆಲ್ಲಕ ಮುಟ್ಟ್ರಿ. ಜೀವ ಇದ್ದ ಕಾಯಿಲ್ ಟಕ್ ಅಂತ ಜೋರ ಬಡಿತೈತಿ, ಸತ್ತಿದ್ದು ಬಡಿಯೂದಿಲ್ಲ. ನಾನು ಪ್ರತಿ ಗಿಟಾರ್‌ಗೂ ಇದನ್ನ ಮೊದಲ ಮಾಡ್ತೀನಿ.

ಹುಬ್ಬಳ್ಳಿ_ಸ್ಟ್ರಾಟ್:
ಸ್ಕ್ರೂ ಇರೋ ಸಾಲು ಟಕ್ ಅಂತು, ಇನ್ನೊಂದು ಸುಮ್ನ. ವೈರ್ ಬದಲಿ ಮಾಡಿದೆ, ಮೀಟರ್ 8.1 ತೋರಸ್ತು! ಎರಡನೇ ಪೊಸಿಷನ್ ಈಗ 3.4. ಬ್ರಿಜ್ ಎಂಥಾ ದಮ್ ಬಂತ್ರೀ, ಹಮ್ ಹೋತು. ಸಾಧನಕೇರಿ ಅಣ್ಣಾರ, ಕೈ ಮುಗೀತೀನಿ ನಿಮಗ. ಒಂದು ಮಾತು, ಬೇಕಾದಾಗ ಸಿಂಗಲ್ ಕಾಯಿಲ್ ಆಗಬೇಕು ಅಂದ್ರ ಏನ್ ಮಾಡಬೇಕು?

ಸಾಧನಕೇರಿ_ಬೇಸ್:
ಒಂದು ಟೋನ್ ಪಾಟ್ ತಗದು ಪುಶ್-ಪುಲ್ ಪಾಟ್ (ಜಗ್ಗಿದ್ರ, ಒತ್ತಿದ್ರ ಸ್ವಿಚ್‌ನಂಗೂ ಕೆಲಸ ಮಾಡೋದು) ಹಾಕ್ರಿ. ಆ ಕೂಡಿಸಿದ ಕೆಂಪು-ಬಿಳಿ ಜೋಡಿಯನ್ನ ಅದರ ನಡುವಿನ ಪಿನ್‌ಗೆ, ಒಂದು ಪಕ್ಕದ ಪಿನ್ ಗ್ರೌಂಡ್‌ಗೆ. ಜಗ್ಗಿದ್ರ ಕೆಂಪು-ಹಸಿರು ಕಾಯಿಲ್ ಬಂದ್ ಆಗಿ ಕರಿ-ಬಿಳಿ ಕಾಯಿಲ್ ಒಂದ ಉಳೀತದ. ಪುಶ್-ಪುಲ್ ಪಾಟ್ ಉದ್ದ ಇರ್ತದ, ಪಿಕ್‌ಗಾರ್ಡ್ ಕೆಳಗ ಎಷ್ಟು ಆಳ ಅದ ಅಳದು ತಗೋರಿ.

ಗದಗ_ಸೋಲ್ಡರ್:
ಪಿಕ್‌ಗಾರ್ಡ್ ಹೆಂಗೂ ಬಿಚ್ಚೀರಿ, ಸ್ವಿಚ್ನೂ ಬದಲಿ ಮಾಡಿಬಿಡ್ರಿ.