ಮೂರನೇ ಷಟ್ಕೋನ ಚಪ್ಪಟೆ ಕೂಡವಲ್ದು, ಹಾಳೀನೂ ಹರೀತೈತಿ

ಧಾರವಾಡ_ಹಾಳಿ:
ಒರಿಗಾಮಿ (ಹಾಳಿ ಮಡಚೂ ಕಲೆ) ಮಾಡಾಕ ಹತ್ತೀನಿ. ಎ4 ಜೆರಾಕ್ಸ್ ಹಾಳಿಯಿಂದ ಷಟ್ಕೋನ ಕತ್ತರಿಸಿ, ಮೂರೂ ದಿಕ್ಕಿಗೆ 32 ಪಟ್ಟಿಯ ಜಾಲ ಮಡಚೀನಿ. ಗೆರಿ ಕೂಡೋ ಜಾಗದಾಗ ತೂತು ಬೀಳ್ತೈತಿ. ಇನ್ನೊಂದು, ಎರಡು ಷಟ್ಕೋನ ತಿರುವು (ನಡುವಿನ ಷಟ್ಕೋನ ತಿರುಗಿ, ಸುತ್ತ ಆರು ನಿರಗಿ ಮಲಗೂ ಮಡಿಕಿ) ಛಲೋ ಕೂಡ್ತಾವ, ಅವೆರಡಕ್ಕೂ ಹೊಂದಿ ಮೂರನೇದು ಹಾಕಿದ್ರ ಏನ್ ಮಾಡಿದ್ರೂ ಚಪ್ಪಟೆ ಆಗವಲ್ದು. ಎಲ್ಲೆ ತಪ್ಪಾಗ್ಯದ್ರಿ?

ಗದಗ_ನಿರಗಿ:
ಎ4 ಅಗಲ 210 ಮಿಮೀ. 32 ಪಟ್ಟಿ ಅಂದ್ರ ಒಂದೊಂದು ಸುಮಾರು 6.5 ಮಿಮೀ. ಜೆರಾಕ್ಸ್ ಹಾಳಿಯ ನಾರು ಗಿಡ್ಡ, ಒಳಗ ಸುಣ್ಣದಂಥ ಪುಡಿ ಬ್ಯಾರೆ. ಅದೇ ಗೆರಿ ಹಿಂದ ಮುಂದ ಮತ್ತ ಮತ್ತ ಮಡಚಿದ್ರ ಕಡೀತೈತಿ. ನೋಟ್‌ಬುಕ್ಕಿಗೆ ಹಾಕೋ ಬ್ರೌನ್ ಪೇಪರ್ ತಗೋರಿ, ಪ್ಲಾಸ್ಟಿಕ್ ಹೊಳಪಿಂದು ಬ್ಯಾಡ. 42 ಸೆಂಮೀ ಅಗಲದ ಷಟ್ಕೋನ ಆದ್ರ 32ಕ್ಕೂ 13 ಮಿಮೀ ಪಟ್ಟಿ ಸಿಗತೈತಿ. ಎ4ನಾಗ ಮಾಡೂದಿದ್ರ 16ಕ್ಕ ನಿಲ್ಲಸ್ರಿ.

ಒಂದು ದಿಕ್ಕು ಪೂರ್ತಿ ಮುಗಿಸಿ ಮುಂದಿನದಕ್ಕ ಹೋಗಬ್ಯಾಡ್ರಿ. ಮೂರೂ ದಿಕ್ಕಿಗೆ 4, ಆಮ್ಯಾಲ 8, ಆಮ್ಯಾಲ 16. ಪ್ರತಿ ಹಂತಕ್ಕ ಮೂರು ಗೆರಿ ಒಂದೇ ಚುಕ್ಕಿಗೆ ಕೂಡಬೇಕು. ಅಲ್ಲೆ ಸಾಸಿವಿಯಷ್ಟು ತ್ರಿಕೋನ ಕಂಡ್ರ ಆ ಹಾಳಿ ಬಿಡ್ರಿ, ಮುಂದ ತಪ್ಪು ಬೆಳೀತೈತಿ. ಮಳಿಗಾಲದಾಗ ಹಾಳಿ ತಂಪು ಹೀರಿ ನಾರಿನ ಅಡ್ಡಕ್ಕ ಹಿಗ್ಗತೈತಿ, ಅದಕ್ಕ ಜಾಲ ಒಂದೇ ಕೂಡ್ರಿಕಿಗೆ ಮುಗಸ್ರಿ.

ಹಾವೇರಿ_ಜ್ಯಾಮಿತಿ:
ಮೂರನೇ ಷಟ್ಕೋನದ್ದು ಕೈಯ ತಪ್ಪಲ್ರಿ, ನಕ್ಷೆಯ ತಪ್ಪು. ಹಾಳಿಯ ಒಂದೇ ಮುಖದ ಎರಡು ತಿರುವಿಗೆ ಒಂದು ನಿರಗಿ ಹಂಚಿತ್ತಂದ್ರ, ಒಂದು ಗಡಿಯಾರದಂಗ ತಿರುಗಿದ್ರ ಇನ್ನೊಂದು ಉಲ್ಟಾನೇ ತಿರುಗಬೇಕು. ಆ ನಿರಗಿ ಒಂದರ ನಡುವಿನಿಂದ ನೋಡಿದ್ರ ಎಡಕ್ಕ ಮಲಗಿರತೈತಿ, ಇನ್ನೊಂದರಿಂದ ಬಲಕ್ಕ. ಮೂರು ಷಟ್ಕೋನ ಒಂದಕ್ಕೊಂದು ಕೂಡಿದಾಗ ಮೂರನೇದು ಎರಡೂ ಕಡೆ ತಿರುಗಬೇಕಾಗತೈತಿ, ಅದು ಆಗೂ ಮಾತಲ್ಲ.

ನಡುವ ತ್ರಿಕೋನ ತಿರುವು ಹಾಕ್ರಿ. ಷಟ್ಕೋನದ ಆರೂ ನಿರಗಿ ಆರು ತ್ರಿಕೋನಕ್ಕ, ಪ್ರತಿ ತ್ರಿಕೋನದ ಮೂರು ನಿರಗಿ ಮೂರು ಷಟ್ಕೋನಕ್ಕ. ಷಟ್ಕೋನ ಎಲ್ಲಾ ಗಡಿಯಾರದಂಗ, ತ್ರಿಕೋನ ಎಲ್ಲಾ ಉಲ್ಟಾ.

ತಿರುವಿನ ಪ್ರತಿ ಮೂಲಿಗೆ ನಾಕು ಗೆರಿ ಬರ್ತಾವ. ಮೂರು ಉಬ್ಬು (ಮ್ಯಾಲ ಏಳೂ ಗೆರಿ) ಒಂದು ತಗ್ಗು (ಒಳಗ ಇಳಿಯೂ ಗೆರಿ), ಇಲ್ಲಾ ಮೂರು ತಗ್ಗು ಒಂದು ಉಬ್ಬು ಇರಬೇಕು (ಮೇಕಾವಾ ನಿಯಮ). ಎರಡು-ಎರಡು ಆದ್ರ ಅದು ಚಪ್ಪಟೆ ಆಗಂಗಿಲ್ಲ. ಒತ್ತೂಕಿಂತ ಮೊದಲು ಎಣಸ್ರಿ.

ಧಾರವಾಡ_ಹಾಳಿ:
ಆರು ನಿರಗಿ ಒಮ್ಮೆಲೇ ಹೆಂಗ ಮುಚ್ಚೂದು?

ಗದಗ_ನಿರಗಿ:
ಒಂದೊಂದಾಗಿ ನಡುವಿನ ತನಕ ಒತ್ತಿದ್ರ ಕಡೀದು ಸಿಗಬೀಳತೈತಿ. ಆರೂ ಚಿವುಟಿ ನಿಲ್ಲಸ್ರಿ, ನಡುವು ದಿಬ್ಬದಂಗ ಏಳತೈತಿ. ಷಟ್ಕೋನದ ಆರು ಅಂಚು ಉಗುರಿನಿಂದ ತೀಡಿ, ನಡುವಿನ ಮ್ಯಾಲ ಬೆರಳಿಟ್ಟು ಮೆಲ್ಲಗ ತಿರುವ್ಕೋತ ಕೆಳಗ ಒತ್ರಿ. ನಿರಗಿ ತಾವ ಮಲಗ್ತಾವ.