ಸಹಾಯ ಬೇಕು: ಮಳೆಗಾಲದಲ್ಲಿ ಜೆಲ್ಮಾ ಬಿಲ್ಲೆ ಮೆತ್ತಗಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ, ಗಾಯದ ಜಾಗದಲ್ಲಿ ಚರ್ಮ ಮತ್ತೆ ಬೆಳೆಯಲು ಆಸರೆಯಾಗುವ, ನೀರು ಹಿಡಿದಿಡುವ ಹೈಡ್ರೋಜೆಲ್ ಬಿಲ್ಲೆಗಳ ಕೆಲಸ ನಡೆದಿದೆ. ಜೆಲಟಿನ್‌ಗೆ ಮೆಥಾಕ್ರಿಲ್ ಗುಂಪು ಸೇರಿಸಿದ ಜೆಲ್ಮಾ 7%, ಬೆಳಕು ಬಿದ್ದಾಗ ಅದನ್ನು ಗಟ್ಟಿಯಾಗಿಸುವ ಎಲ್‌ಎಪಿ 0.25%. ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ 50 ಡಿಗ್ರಿಗೆ ಕರಗಿಸಿ, 37ಕ್ಕೆ ಇಳಿಸಿ, ಚರ್ಮದ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಬೆರೆಸಿ, 1 ಮಿ.ಮೀ. ದಪ್ಪದ ಅಚ್ಚಿಗೆ ಹೊಯ್ದು 405 ನ್ಯಾನೊಮೀಟರ್ ಬೆಳಕಿಗೆ 60 ಸೆಕೆಂಡ್ ಇಡುತ್ತೇವೆ. ಆಮ್ಲಜನಕ ಅಡ್ಡಿಯಾಗಿ ಮೇಲ್ಮೈ ಅಂಟಂಟಾಗದಂತೆ ಕವರ್‌ಸ್ಲಿಪ್ ಮುಚ್ಚುತ್ತೇವೆ.

ಬೇಸಿಗೆಯಲ್ಲಿ ಸರಿಯಿತ್ತು. ಮಳೆ ಹಿಡಿದ ಮೇಲೆ ಕೋಶ ಬೆಳೆಸುವ ದ್ರವಕ್ಕೆ (ಮೀಡಿಯಮ್) ಹಾಕಿದ ಮರುದಿನವೇ ಬಿಲ್ಲೆ ಉಬ್ಬಿ, ಚಿಮಟದಲ್ಲಿ ಎತ್ತಿದರೆ ಅಂಚು ಹರಿಯುತ್ತದೆ. ಗುಮಾನಿ ಇರುವುದು ಪುಡಿಯ ಮೇಲೆ. ಫ್ರೀಜ್ ಡ್ರೈ ಮಾಡಿದ ಜೆಲ್ಮಾ ಹತ್ತಿಯಷ್ಟು ಹಗುರ, ತೇವ ಬೇಗ ಹೀರುತ್ತದೆ. 15% ನೀರು ಸೇರಿದ್ದರೆ 7% ಎಂದು ತೂಗಿದ್ದು ನಿಜದಲ್ಲಿ 6%ರ ಆಸುಪಾಸು. ಬೆಳಕಿನ ಹೊತ್ತು ಹೆಚ್ಚಿಸುವುದು ಬೇಡ ಅನ್ನಿಸುತ್ತದೆ: ಎಲ್‌ಎಪಿಯಿಂದ ಹುಟ್ಟುವ ಚುರುಕು ಕಣಗಳಾದ ರ‍್ಯಾಡಿಕಲ್‌ಗಳು ಹೆಚ್ಚಿ ಕೋಶ ಸಾಯುತ್ತವೆ, ಜಾಲ ಬಿಗಿಯಾದರೆ ಉಳಿದವೂ ಕೈಕಾಲು ಚಾಚುವುದಿಲ್ಲ.

ಬೇಕಾಗಿರುವುದು ಇಷ್ಟು. ಪುಡಿಯ ತೇವಾಂಶ ಅಳೆಯಲು ಕಾರ್ಲ್ ಫಿಷರ್ ಪರೀಕ್ಷೆ ಅಥವಾ ಟಿಜಿಎ (ಬಿಸಿ ಮಾಡುತ್ತಾ ತೂಕ ಇಳಿಯುವುದನ್ನು ಅಳೆಯುವುದು) ಮೈಸೂರು, ಮಂಗಳೂರು ಕಡೆ ಯಾರ ಲ್ಯಾಬಿನಲ್ಲಾದರೂ ಸಿಗುತ್ತದೆಯೇ? 50 ಮಿಲಿಗ್ರಾಂ ಮಾದರಿ ಕಳಿಸಬಲ್ಲೆವು. ಮೆಥಾಕ್ರಿಲ್ ಪ್ರಮಾಣವೇ ಕಡಿಮೆಯಾಗಿದೆಯೇ ಎಂದು ನೋಡಲು ಎನ್‌ಎಂಆರ್ ಪರೀಕ್ಷೆ ಮಾಡಿಕೊಡುವವರಿದ್ದರೆ ಇನ್ನೂ ಒಳ್ಳೆಯದು. ಇದು ತೀರ್ಮಾನವಾಗದೆ ಪಾಕ ಬದಲಿಸಲು ಮನಸ್ಸಿಲ್ಲ. ಕರಾವಳಿ, ಮಲೆನಾಡಿನಲ್ಲಿ ಜೆಲ್ಮಾ ಬಳಸುವವರು ಒಂದೊಂದು ಸಲಕ್ಕೆ ಬೇಕಾದಷ್ಟನ್ನೇ ಸಣ್ಣ ಸೀಸೆಗಳಲ್ಲಿ ಸಿಲಿಕಾ ಜೆಲ್ ಜೊತೆ ಮೈನಸ್ 20ರಲ್ಲಿ ಇಡುತ್ತೀರಾ? ತಣ್ಣನೆಯ ಸೀಸೆ ತೆರೆದಾಗ ಒಳಗೆ ಹನಿ ಕಟ್ಟದಂತೆ ಎಷ್ಟು ಹೊತ್ತು ಹೊರಗಿಡುತ್ತೀರಿ? ಕರೆಂಟ್ ಹೋದಾಗ ಲಯೋಫಿಲೈಸರ್‌ನಲ್ಲಿ (ಫ್ರೀಜ್ ಡ್ರೈ ಮಾಡುವ ಯಂತ್ರ) ಅರ್ಧ ಒಣಗಿದ್ದನ್ನು ಉಳಿಸಿಕೊಳ್ಳುವ ದಾರಿ ಗೊತ್ತಿದ್ದವರೂ ದಯವಿಟ್ಟು ತಿಳಿಸಿ.