ಓಟ ಪ್ರಾರ್ಥನೆಯಾಗಬಹುದೇ?

ಪ್ರಶ್ನೆ:
ನಾನು ಓಡಲು ಆರಂಭಿಸಿದ್ದು ರಕ್ತದೊತ್ತಡ ಇಳಿಸಿಕೊಳ್ಳಲು. ದೇವರ ವಿಚಾರ ಆಗ ಮನಸ್ಸಿನಲ್ಲಿರಲಿಲ್ಲ. ಬರಬರುತ್ತಾ, ಉಸಿರು ಹದಕ್ಕೆ ಬಂದ ಮೇಲಿನ ಏಕಾಂತದಲ್ಲಿ ಕಾಯಿಲೆ ಬಿದ್ದವರಿಗಾಗಿಯೂ ನನ್ನೊಡನೆ ಮುನಿಸಿಕೊಂಡವರಿಗಾಗಿಯೂ ಹೆಸರು ಹಿಡಿದು ಪ್ರಾರ್ಥಿಸುವುದು ರೂಢಿಯಾಯಿತು. ಈಚೆಗೆ ಮಾತ್ರ, ಒಂದೊಂದು ಕಿಲೋಮೀಟರಿಗೂ ಕೈಗಡಿಯಾರ ಕಂಪಿಸಿದೊಡನೆ ಪ್ರಾರ್ಥನೆ ಅರ್ಧಕ್ಕೇ ನಿಂತು ವೇಗದ ಲೆಕ್ಕಾಚಾರ ಶುರುವಾಗುತ್ತದೆ. ಸಾಲದ್ದಕ್ಕೆ ಸ್ಪರ್ಧೆಗಳು ಬಹುಪಾಲು ಭಾನುವಾರ ಬೆಳಗ್ಗೆ, ಆರಾಧನೆಯ ಹೊತ್ತಿಗೇ ಇರುತ್ತವೆ. ನಂಬಿಕೆಯುಳ್ಳ ಓಟಗಾರರು ಗೆಲ್ಲುವ ಆಸೆಯನ್ನು ಹೇಗೆ ಕಾಣುತ್ತೀರಿ?

ಉತ್ತರ 1:
ಬೈಬಲ್ಲಿನ ಹಲವು ಪತ್ರಗಳನ್ನು ಬರೆದ ಪೌಲನು ಗೆಲ್ಲುವ ಆಸೆಯನ್ನು ಹಳಿಯುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 9ನೇ ಅಧ್ಯಾಯದಲ್ಲಿ ಅವನು ಓಟಗಾರರನ್ನು ಎತ್ತಿಕೊಳ್ಳುವುದಕ್ಕೆ ಕಾರಣವಿದೆ: ಆ ಪಟ್ಟಣದ ಸಮೀಪದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು, ಗೆದ್ದವರಿಗೆ ಸಿಗುತ್ತಿದ್ದದ್ದು ಬಾಡಿಹೋಗುವ ಎಲೆಗಳ ಕಿರೀಟ. ಅಷ್ಟಕ್ಕಾಗಿ ಅವರು ಎಲ್ಲದರಲ್ಲೂ ಮಿತವಾಗಿರುವಾಗ, ಬಾಡದ ಕಿರೀಟಕ್ಕಾಗಿ ಓಡುವವರು ಗೊತ್ತುಗುರಿಯಿಲ್ಲದೆ ಓಡಬಾರದೆಂಬುದೇ ಅವನ ವಾದ. ದೇಹಸಾಧನೆಯ ಪ್ರಯೋಜನ ಅಲ್ಪವೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದಲ್ಲಿದೆ, ಅಲ್ಪವೆಂದರೆ ಇಲ್ಲವೆಂದಲ್ಲವಷ್ಟೆ.

ಉತ್ತರ 2:
ಭಾನುವಾರದ ಮಾತು ಬಂದಾಗ ಎಲ್ಲರೂ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಅವರನ್ನು ನೆನೆಯುತ್ತಾರೆ, ಆದರೆ ಕಥೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ಬಿದ್ದುದರಿಂದ ಅವರು ಅದನ್ನು ಬಿಟ್ಟುಕೊಟ್ಟು, 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. ಮರುವರ್ಷವೇ ಮಿಷನರಿಯಾಗಿ ಚೀನಾಕ್ಕೆ ಹೋದರು. ಯುದ್ಧಕಾಲದಲ್ಲಿ ಜಪಾನೀಯರು ಅವರನ್ನು ವೈಶಿಯನ್ ಶಿಬಿರದಲ್ಲಿ ಕೂಡಿಹಾಕಿದ್ದರು. ಅಲ್ಲಿ ಭಾನುವಾರ ಆಡುವಾಗ ಮಕ್ಕಳು ಜಗಳಕ್ಕಿಳಿದುದನ್ನು ಕಂಡು, ಅದೇ ಲಿಡೆಲ್ ಆ ದಿನವೂ ತೀರ್ಪುಗಾರರಾಗಿ ನಿಲ್ಲಲು ಒಪ್ಪಿದರೆಂದು ಜೊತೆಯಲ್ಲಿದ್ದವರು ಹೇಳಿದ್ದಾರೆ. 1945ರಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು. ತನ್ನ ಪದಕಕ್ಕಾಗಿ ಸಡಿಲಿಸದ ನಿಯಮವನ್ನು ಪರರ ಮಕ್ಕಳಿಗಾಗಿ ಸಡಿಲಿಸಿದ ಈ ಘಟನೆ ನನಗೆ ಚಿನ್ನದ ಪದಕಕ್ಕಿಂತ ದೊಡ್ಡದು.

ಉತ್ತರ 3:
ಪ್ರತಿಯೊಂದು ಓಟವೂ ಪ್ರಾರ್ಥನೆಯಾಗಲೇಬೇಕೆಂಬ ಹಟ ನನಗೆ ಸರಿಕಾಣದು. ಏದುಸಿರು ಬಿಡುತ್ತಾ ದಿಬ್ಬ ಹತ್ತುವಾಗ ಯಾರಿಗೂ ಕೀರ್ತನೆ ನೆನಪಾಗುವುದಿಲ್ಲ, ನೆನಪಾಗದಿದ್ದರೆ ತಪ್ಪೂ ಅಲ್ಲ. ನಾನು ನೋಡುವುದು ಬೇರೆಯದನ್ನು: ಮಂಡಿನೋವು ಬಂದು ಕೆಲವು ವಾರ ಓಟ ನಿಂತರೆ ನನ್ನ ಸಿಡುಕು ಮನೆಯವರ ಮೇಲೆ ತಿರುಗುತ್ತದೆಯೇ, ನನಗಿಂತ ಮುಂದೆ ಗುರಿ ತಲುಪಿದ ಗೆಳೆಯನನ್ನು ಮನಸಾರೆ ಅಭಿನಂದಿಸಬಲ್ಲೆನೇ ಎಂಬುದನ್ನು. ಇಷ್ಟಾಗಿಯೂ ಗಡಿಯಾರ ಕಾಡುತ್ತಿದ್ದರೆ, ವೇಗದ ಅಭ್ಯಾಸಕ್ಕೆ ಮಾತ್ರ ಅದನ್ನು ಕಟ್ಟಿಕೊಂಡು, ನಿಧಾನದ ದೂರದೋಟಕ್ಕೆ ಮನೆಯಲ್ಲಿಟ್ಟು ಹೊರಡಿ. ಭಾನುವಾರದ ಸ್ಪರ್ಧೆಯ ವಿಚಾರವನ್ನು ಹೆಸರು ನೋಂದಾಯಿಸುವ ಮುನ್ನವೇ ನಿಮ್ಮ ಪಾಸ್ಟರರೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು. ಕೆಲವು ಸಭೆಗಳಲ್ಲಿ ಸಂಜೆಯ ಆರಾಧನೆಯೂ ಇರುತ್ತದೆ.